ಲೋರ್ನಾ ಟೀಚರ್ ತಿದ್ದಿದ ಸಾಲು

ಲೋರ್ನಾ ಓದಿದ್ದು ಆ ಊರಿನ ಶಾಲೆಯಲ್ಲೇ, ಈಗ ಪಾಠ ಹೇಳುವುದೂ ಅಲ್ಲೇ, ಅದೂ ತಾನು ಕೂತು ಕಲಿತ ಕೋಣೆಯಲ್ಲೇ. ನಡುವೆ ನಾಲ್ಕು ವರ್ಷ ಪಕ್ಕದ ಊರಿನ ಕಾಲೇಜಿಗೆ ಹೋಗಿಬಂದದ್ದನ್ನು ಹೊರಗೆ ಹೋದದ್ದು ಅಂತ ಕರೆಯುವುದಾದರೆ ಕರೆಯಬಹುದು. ಆದರೆ ನೆಬ್ರಾಸ್ಕಾದ ಆ ಪುಟ್ಟ ಊರಿನಿಂದ ದೂರದ ಕಾಲೇಜು ಸೇರಿದ ಮಕ್ಕಳೆಲ್ಲ ಅವಳ ಕೈಯಲ್ಲಿ ಪಳಗಿ ಹೋದವರೇ. ಅರ್ಜಿಯ ಜೊತೆಗೆ 'ನೀನು ಯಾರು, ಹೇಳು' ಎಂದು ಕಾಲೇಜಿನವರು ಕೇಳುವ ಪ್ರಬಂಧವಿದೆಯಲ್ಲ, ಅದನ್ನು ಬರೆಸುವುದರಲ್ಲಿ ಅವಳದು ಎತ್ತಿದ ಕೈ.

ಹುಡುಗರು ಬರೆದು ತರುತ್ತಿದ್ದದ್ದು ಎರಡೇ ಕಥೆ. ಫುಟ್‌ಬಾಲ್ ಆಡುವಾಗ ಮಂಡಿ ಮುರಿದು ಛಲ ಬಂದದ್ದು, ಇಲ್ಲವೇ ಅಜ್ಜಿ ತೀರಿಕೊಂಡು ಬದುಕಿನ ಬೆಲೆ ತಿಳಿದದ್ದು. "ಅಜ್ಜಿ ಸತ್ತಿದ್ದು ಸರಿ ಕಣಪ್ಪ, ನೀನೇನಾದೆ ಅದನ್ನ ಹೇಳು," ಎಂದು ಹಾಳೆ ವಾಪಸ್ ಕೊಡುತ್ತಿದ್ದಳು. ಬರೆದದ್ದನ್ನು ಎದುರಿಗೆ ಗಟ್ಟಿಯಾಗಿ ಓದಬೇಕು ಎನ್ನುವುದು ಅವಳ ಪದ್ಧತಿ. ಸುಳ್ಳನ್ನು ಬಾಯಿ ಸಲೀಸಾಗಿ ಓದಿಬಿಡುತ್ತದೆ, ನಿಜದ ಹತ್ತಿರ ಬಂದಾಗ ತಡವರಿಸುತ್ತದೆ. ತಡವರಿಸಿದ ಕಡೆಯಿಂದ ಮತ್ತೆ ಬರೆಸುತ್ತಿದ್ದಳು.

ಈ ಸಲ ಸ್ವಂತ ಮಗಳು ಬ್ರಿನ್‌ಳ ಸರದಿ. ದೂರದ ಕಡಲತೀರದ ಕಾಲೇಜಿಗೆ ಅರ್ಜಿ, ಸೋಮವಾರವೇ ಕೊನೆ ದಿನ. ಬ್ರಿನ್ ಮೊದಲು ಬರೆದದ್ದು ಚರ್ಚಿನ ಗುಂಪಿನ ಜೊತೆ ಹೋಗಿ ಯಾರದೋ ಮನೆಗೆ ಬಣ್ಣ ಬಳಿದ ಕಥೆ. ಇಂಥದ್ದನ್ನು ಕಳಿಸಿದರೆ ಸೀಟಿನ ಆಸೆ ಬಿಡಬೇಕು ಎಂದು ಲೋರ್ನಾ ಅದನ್ನು ಖಂಡತುಂಡವಾಗಿ ತಳ್ಳಿಹಾಕಿದ್ದಳು.

ಶನಿವಾರ ಮಧ್ಯಾಹ್ನ ತಾಯಿ ಮಗಳು ಊಟದ ಮೇಜಿಗೆ ಕೂತರು. ಗೋಡೆಯಾಚೆ ಲೋರ್ನಾಳ ಗಂಡ ವೆಂಡೆಲ್ ಟಿವಿಯಲ್ಲಿ ಮ್ಯಾಚ್ ನೋಡುತ್ತ ಆಟಗಾರರಿಗೆ ಬೈಯುತ್ತಿದ್ದ.

"ಹೂಂ, ಗಟ್ಟಿಯಾಗಿ ಓದು."

"ಬೇಡಮ್ಮ. ನೀನೇ ಮನಸಲ್ಲಿ ಓದ್ಕೋ."

"ಬೇರೆ ಮಕ್ಕಳೆಲ್ಲ ಓದಿಲ್ವಾ? ನೀನೇನು ಮೇಲಿಂದ ಇಳಿದು ಬಂದಿದೀಯಾ?"

"ಅಪ್ಪ ಇದಾರೆ."

"ನಿಮ್ಮಪ್ಪಂಗೆ ಈಗ ಚಾವಣಿ ಬಿದ್ರೂ ಗೊತ್ತಾಗಲ್ಲ. ಓದು."

ಬ್ರಿನ್ ಓದಿದಳು. "ನನ್ನ ಅಮ್ಮ ಸಂಜೆ ಶಾಲೆಯಿಂದ ಬಂದು ಮನೆಯ ಮುಂದೆ ಕಾರು ನಿಲ್ಲಿಸುತ್ತಾಳೆ. ಇಳಿಯುವುದಿಲ್ಲ. ಸ್ಟಿಯರಿಂಗ್ ಹಿಡಿದು ಕೂತೇ ಇರುತ್ತಾಳೆ. ರೇಡಿಯೋದಲ್ಲಿ ಬರುವ ಹಾಡು ಮುಗಿಯಲಿ ಎಂದು ಕಾಯುತ್ತಾಳೇನೋ. ನಾನು ಅಡುಗೆಮನೆಯ ದೀಪ ಹಾಕದೆ ಕಿಟಕಿಯಿಂದ ನೋಡುತ್ತೇನೆ. ಒಳಗೆ ಬಂದಮೇಲೆ ನಗುತ್ತಾಳೆ, ಸೂಪು ಬಿಸಿ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ನನಗೂ ಹಾಗೆ ಕೂರುವುದು ಅಭ್ಯಾಸವಾಗುವ ಮುಂಚೆ... ನಾನು ಇಲ್ಲಿಂದ..."

ಅಲ್ಲಿಗೆ ಅವಳ ದನಿ ನಿಂತಿತು.

ಲೋರ್ನಾ ತಾನು ಕಾರಿನಲ್ಲಿ ಕೂರುವುದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದಳು. ನಾಚಿಕೆಯಾಯಿತು, ಮಗಳ ಮೇಲೆ ಕೋಪವೂ ಬಂತು. ವೆಂಡೆಲ್ ಒಂದು ದಿನವೂ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ದೂರೋಣವೆಂದರೆ ಒಂದು ಕಾರಣವೂ ಇಲ್ಲ, ಅವಳು ಸಿಕ್ಕಿಕೊಂಡಿದ್ದದ್ದೇ ಅಲ್ಲಿ. ಪ್ರಬಂಧವನ್ನು ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವ ಶಾಲೆಯ ಕೌನ್ಸೆಲರ್ ಒಮ್ಮೆ ಓದಿಯೇ ಕಳಿಸುವುದು. ಆ ಮಹಾನುಭಾವ ವೆಂಡೆಲ್ ಜೊತೆ ಮೀನು ಹಿಡಿಯಲು ಹೋಗುವವನು, ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಬಣ್ಣದ ಕಥೆಯೇ ವಾಸಿ ಎಂದು ಒಂದು ಮಾತು ಹೇಳಿದರೆ ಸಾಕು, ಮಗಳು ಕೇಳುತ್ತಾಳೆ. ಆಮೇಲೆ ಪಕ್ಕದ ಊರಿನ ಕಾಲೇಜು ಇದ್ದೇ ಇದೆ.

ಅಷ್ಟರಲ್ಲಿ ವೆಂಡೆಲ್ ಚಿಪ್ಸ್ ಹುಡುಕಿಕೊಂಡು ಬಂದ. "ಏನು, ಇನ್ನೂ ಬರೀತಾನೇ ಇದೀರಾ? ನಮ್ಮನೇಲಿ ಬರೆಯೋವಂಥ ಕಷ್ಟ ಏನಿದೆ ಪಾಪ!" ಎಂದು ನಗುತ್ತ ಮಗಳ ತಲೆ ಸವರಿದ.

"ಏನೂ ಇಲ್ಲ ಬಿಡಿ," ಎಂದಳು ಲೋರ್ನಾ. ಅವನು ಪೊಟ್ಟಣ ಹಿಡಿದು ಟಿವಿಗೆ ಮರಳಿದ.

ಬ್ರಿನ್ ಕಣ್ಣೊರೆಸಿಕೊಂಡಳು. "ಬೇಡ ಅಂದ್ರೆ ಅಳಿಸಿಬಿಡ್ತೀನಮ್ಮ. ಬಣ್ಣದ್ದೇ ಕಳಿಸೋಣ."

ಲೋರ್ನಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಂಥ ಪ್ರಬಂಧವನ್ನು ಅವಳ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ.

"ಅಳಿಸಬೇಡ. ಕೊನೆ ಸಾಲು ಪೂರ್ತಿ ಮಾಡಿ ಕಳಿಸು," ಎಂದಳು. "ನಡುವೆ ಒಂದು ಸಾಲು ಮಾತ್ರ ತಪ್ಪಿದೆ."

"ಯಾವುದಮ್ಮ?"

ಲೋರ್ನಾ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು.

"ನಾನು ರೇಡಿಯೋ ಹಾಕಲ್ಲ ಕಣೇ."