ಹಂಡೆ ಒಲೆಯ ಪಕ್ಕದ ಎರಡು ಸೀಸೆಗಳು

ನಮ್ಮ ಸೀಮೆಯಲ್ಲಿ ಜೀವವಿಜ್ಞಾನವನ್ನು ಕನ್ನಡದಲ್ಲಿ, ಅದೂ ನಗುನಗುತ್ತಾ ಕಲಿಸಬಹುದೆಂದು ತೋರಿಸಿಕೊಟ್ಟವರಲ್ಲಿ ಮೊದಲು ನೆನಪಾಗುವವರು ಈ ವರ್ಷ ನಿವೃತ್ತರಾಗುತ್ತಿರುವ ಮಾನ್ಯ ಮುನಿಗಂಗಪ್ಪನವರು. ಜಂಗಮಕೋಟೆಯ ಹಿಪ್ಪುನೇರಳೆ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಮೇಷ್ಟರಾಗಿ, ಚಿಕ್ಕಬಳ್ಳಾಪುರದಲ್ಲಿ ಕೆಲಕಾಲ ದುಡಿದು, ಐವತ್ತರ ದಶಕದ ಕೊನೆಗೆ ಚಿಂತಾಮಣಿಯ ಕಾಲೇಜಿಗೆ ಬಂದ ಅವರು, ವರ್ಗವಾದ ಊರಲ್ಲೆಲ್ಲ ಗಾಡಿಯಿಂದ ಮೊದಲು ಇಳಿಸುತ್ತಿದ್ದುದು ತಮ್ಮ ಸೂಕ್ಷ್ಮದರ್ಶಕವನ್ನೇ. ಒಣಹುಲ್ಲು ನೆನೆಸಿದ ನೀರಿನ ಹನಿಯನ್ನು ಅದರಡಿ ಇಟ್ಟು, ಹಿಂದಿನ ಬೆಂಚಿನವನೂ "ಕಾಣ್ತು ಸಾರ್" ಎನ್ನುವವರೆಗೆ ಬೆಲ್ ಹೊಡೆದರೂ ಬಿಡುತ್ತಿರಲಿಲ್ಲ. ಸುಳ್ಳೇ ಕಾಣ್ತು ಎಂದವನಿಗೆ ಕಂಡದ್ದರ ಚಿತ್ರ ಬರೆಯಲು ಹೇಳುತ್ತಿದ್ದರು.

ಆ ಹುಲ್ಲಿನ ನೀರಿನಲ್ಲಿ ಕಂಡ ಬ್ಯಾಕ್ಟೀರಿಯಾ ಅವರಿಗೆ ಜೀವಮಾನದ ನಂಟಾಯಿತು. ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲಗಳನ್ನು ಬ್ಯಾಕ್ಟೀರಿಯಾ ತನ್ನೊಳಗೇ ತಯಾರಿಸಿಕೊಳ್ಳುತ್ತದೆ. ಆ ಅಡುಗೆ ಮಾಡುವ ಕೈಗಳೇ ಕಿಣ್ವಗಳು. ಆಮ್ಲ ಹೊರಗಿನಿಂದಲೇ ಸಿಕ್ಕಿತೆಂದರೆ ಇದ್ದ ಕಿಣ್ವಗಳ ಕೆಲಸಕ್ಕೂ ತಡೆ ಬೀಳುತ್ತದೆ, ಹೊಸ ಕಿಣ್ವಗಳು ಹುಟ್ಟುವುದೂ ನಿಲ್ಲುತ್ತದೆ. ಕಣ್ಣಿಲ್ಲದ, ಮಿದುಳಿಲ್ಲದ ಜೀವಕ್ಕೆ ಇಷ್ಟು ಜಾಣತನ ಹೇಗೆ ಬಂತೆಂದು ಬೆಂಗಳೂರಿಗೆ ಹೋಗಿ ಹೊಸ ಪತ್ರಿಕೆಗಳನ್ನು ಓದಿ ಬಂದ ಮುನಿಗಂಗಪ್ಪನವರಿಗೆ, ಅದನ್ನು ಕಣ್ಣಾರೆ ಕಾಣುವ ಹುಚ್ಚು ಹತ್ತಿತು. ಕಾಲೇಜಿನಲ್ಲಿ ಬ್ಯಾಕ್ಟೀರಿಯಾವನ್ನು ಬೆಚ್ಚಗಿಡುವ ಪೆಟ್ಟಿಗೆ ಇರಲಿಲ್ಲ. ಅವರ ಮನೆಯ ಬಚ್ಚಲಿನ ಹಂಡೆ ಒಲೆಯ ಪಕ್ಕದ ಗೂಡೇ ಆ ಪೆಟ್ಟಿಗೆಯಾಯಿತು. ಒಲೆಯ ಹದ ನೋಡಿಕೊಳ್ಳುವ ಭಾರ ಪತ್ನಿ ಅಕ್ಕಯ್ಯಮ್ಮನವರ ಮೇಲೆ ಬಿತ್ತು.

ಅರವತ್ತೊಂದರಲ್ಲಿ ಕಾಲೇಜಿಗೆ ವಿಜ್ಞಾನದ ಪದವಿ ತರಗತಿ ಕೊಡಬಹುದೇ ಎಂದು ನೋಡಲು ವಿಶ್ವವಿದ್ಯಾಲಯದ ಸಮಿತಿ ಬಂತು. ಈ ತರಗತಿಗಾಗಿ ಕಾದಿದ್ದವರಲ್ಲಿ ರೇಷ್ಮೆ ವ್ಯಾಪಾರಿ ಖಾಜಾ ಪೀರ್ ಅವರ ಮಗಳು ಹಮೀದಾ ಬೇಗಂ ಒಬ್ಬರು. ಊರಲ್ಲೇ ಆದರೆ ಓದಲಿ, ಬೆಂಗಳೂರಿಗೆ ಕಳಿಸುವುದಿಲ್ಲ ಎಂದು ತಂದೆ ಖಂಡಿತವಾಗಿ ಹೇಳಿಬಿಟ್ಟಿದ್ದರು. ಸಮಿತಿ ಒಪ್ಪದಿದ್ದರೆ ಆ ಹುಡುಗಿಯ ಓದು ಅಲ್ಲಿಗೇ ಮುಗಿಯುವುದೆಂಬ ಚಿಂತೆ ಮುನಿಗಂಗಪ್ಪನವರನ್ನು ಒಳಗೇ ಕೊರೆಯುತ್ತಿತ್ತು.

ಸಮಿತಿಗೆ ತೋರಿಸಲು ಅವರು ಆರಿಸಿಕೊಂಡ ಪ್ರಯೋಗ ಸರಳವಾಗಿತ್ತು. ಒಂದು ಸೀಸೆಯ ಬ್ಯಾಕ್ಟೀರಿಯಾಕ್ಕೆ ಬರೀ ಸಕ್ಕರೆ, ಲವಣದ ನೀರು. ಇನ್ನೊಂದಕ್ಕೆ ಅದರ ಜೊತೆಗೆ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ. ಪರೀಕ್ಷೆಯ ರಾಸಾಯನಿಕಗಳನ್ನು ಬೆರೆಸಿದಾಗ ಕಿಣ್ವವಿದ್ದ ಕಡೆ ಅವುಗಳ ಕೆಂಪು ಬಣ್ಣ ಮಾಯವಾಗಬೇಕು, ಇಲ್ಲದ ಕಡೆ ಉಳಿಯಬೇಕು. ಸಮಿತಿಯ ಎದುರಿನಲ್ಲಿ ಎರಡೂ ಕೆಂಪಗೆ ಉಳಿದವು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಮುನಿಗಂಗಪ್ಪನವರು ಮೊದಲ ಸೀಸೆಯನ್ನು ಮೂಗಿನ ಬಳಿ ಹಿಡಿದರೆ ಹುರುಳಿಕಟ್ಟಿನ ವಾಸನೆ. ಅತಿಥಿಗಳ ಊಟಕ್ಕೆ ಕರೆಯಲು ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕಯ್ಯಮ್ಮನವರ ಕಡೆ ತಿರುಗಿದರು.

"ಇದಕ್ಕೇನಾದ್ರೂ ಹಾಕಿದ್ಯಾ?"

"ನೆನ್ನೆ ಸಂಜೆ ಒಂದಿಷ್ಟು ಕಟ್ಟು ಹಾಕ್ದೆ. ಕುದಿಸಿ, ಆರಿಸೇ ಹಾಕಿದ್ದು. ಒಂದೇ ಪಂಕ್ತೀಲಿ ಕೂರ್ಸಿ ಒಬ್ರಿಗೆ ಬಡ್ಸಿ ಇನ್ನೊಬ್ರಿಗೆ ಉಪವಾಸ ಅಂದ್ರೆ ಹೆಂಗೆ? ನಮ್ಮನೇಲಿ ಪಂಕ್ತಿಭೇದ ಮಾಡಿದ್ದುಂಟಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಸಿಡಿದು ಬೀಳುತ್ತಿದ್ದರು. ಮುನಿಗಂಗಪ್ಪನವರಿಗೆ ನಗು ತಡೆಯಲಾಗಲಿಲ್ಲ. ಹುರುಳಿಕಟ್ಟಿನಲ್ಲಿ ಅಮೈನೋ ಆಮ್ಲಗಳಿಗೇನು ಬರ? ಹೊಟ್ಟೆ ತುಂಬಿದ ಬ್ಯಾಕ್ಟೀರಿಯಾ ಕಿಣ್ವವನ್ನೇ ಮಾಡಿರಲಿಲ್ಲ. ಅವರು ಅದೇ ಬ್ಯಾಕ್ಟೀರಿಯಾವನ್ನು ತೊಳೆದು, ಬರೀ ಸಕ್ಕರೆ, ಲವಣದ ನೀರಿಗೆ ಹಾಕಿ, "ಸ್ವಾಮಿ, ತಾವು ಊಟ ಮಾಡಿ ಬನ್ನಿ, ಅಷ್ಟರಲ್ಲಿ ಇದು ಉಪವಾಸ ಇರ್ಲಿ" ಎಂದು ಸಮಿತಿಯನ್ನು ಮನೆಗೆ ಕರೆದೊಯ್ದರು. ಸೀಸೆಯೂ ಜೊತೆಗೇ ಹೋಗಿ ಹಂಡೆಯ ಪಕ್ಕ ಕೂತಿತು. ಮುದ್ದೆ, ಹುರುಳಿಕಟ್ಟಿನ ಸಾರು ಬಡಿಸುತ್ತಾ ಅಕ್ಕಯ್ಯಮ್ಮನವರು ವಿಷಯ ಕೇಳಿ ತಿಳಿದುಕೊಂಡು, "ಇಷ್ಟೇನಾ? ಪಕ್ಕದ ಮನೆಯಿಂದ ಸಾರು ಬಂದ್ರೆ ನಾನೂ ಒಲೆ ಹಚ್ಚಲ್ಲ ಕಣ್ರಪ್ಪ" ಎಂದರು. ಅಧ್ಯಕ್ಷರು ನಕ್ಕು ಇನ್ನೊಂದು ಸೌಟು ಹಾಕಿಸಿಕೊಂಡರು.

ಎಲೆ ಎತ್ತಿ, ಎಲೆಅಡಿಕೆ ಮುಗಿಸಿ, ಹೊತ್ತು ಇಳಿದ ಮೇಲೆ ಪರೀಕ್ಷಿಸಿದಾಗ ಕೆಂಪು ಮಾಯವಾಗಿತ್ತು. ಉಂಡಾಗ ಅಡುಗೆ ನಿಲ್ಲಿಸಿದ್ದ ಬ್ಯಾಕ್ಟೀರಿಯಾವೇ ಹಸಿದಾಗ ಮತ್ತೆ ಶುರುಮಾಡಿತ್ತು. ಎರಡು ಸೀಸೆಯ ಹೋಲಿಕೆಗಿಂತ ಇದೇ ಗಟ್ಟಿ ಸಾಕ್ಷಿಯೆಂದು ಅಧ್ಯಕ್ಷರೇ ಒಪ್ಪಿದರು. ಆ ವರ್ಷವೇ ತರಗತಿ ಬಂತು. ಹಮೀದಾ ಬೇಗಂ ಮೊದಲ ಬೆಂಚಿನಲ್ಲಿ ಕುಳಿತು ಓದಿದರು. ಇಂದು ಅದೇ ಕೋಣೆಯಲ್ಲಿ ಮಕ್ಕಳಿಗೆ ಪ್ರಯೋಗ ಮಾಡಿಸುತ್ತಿದ್ದಾರೆ. ಹುರುಳಿಕಟ್ಟಿನ ಸೀಸೆಯೂ ಈಗ ಅವರ ಪಾಠದ ಭಾಗವಾಗಿದೆ.

ಇನ್ನು ಮುಂದೆ ಮುನಿಗಂಗಪ್ಪನವರಿಗೆ ಪಿಂಚಣಿ ಕೂತಲ್ಲಿಗೇ ಬರುತ್ತದೆ. ಹೊರಗಿನಿಂದ ಊಟ ಬಂದೊಡನೆ ಕೆಲಸ ನಿಲ್ಲಿಸುವುದು ಬ್ಯಾಕ್ಟೀರಿಯಾದ ಧರ್ಮ. ಈ ಒಂದು ವಿಷಯದಲ್ಲಿ ಮಾತ್ರ ಗುರುಗಳು ಸೀಸೆಯೊಳಗಿನ ತಮ್ಮ ಆ ಶಿಷ್ಯನನ್ನು ಅನುಸರಿಸದಿರಲಿ, ಅಕ್ಕಯ್ಯಮ್ಮನವರೊಡನೆ ನೂರ್ಕಾಲ ಬಾಳಲಿ, ಆ ಹಂಡೆ ಒಲೆಯ ಪಕ್ಕದ ಗೂಡು ಒಂದು ದಿನವೂ ಬರಿದಾಗದಿರಲಿ ಎಂದು ಹಾರೈಸುತ್ತೇವೆ.