ಹಬ್ಬದ ಪೆಟ್ರೋಲು

ಮಾರ್ಚ್ ೮, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಸೋಪು ಹಾಕಿ ತೊಳೆದರೂ ಬೆರಳಿನ ಪೆಟ್ರೋಲ್ ವಾಸನೆ ಹೋಗಿಲ್ಲ. ಲೈಸೆನ್ಸ್ ಸಿಕ್ಕಿದ ಮೇಲೆ ಇಂದು ಮೊದಲ ಸಲ ನಮ್ಮ ಹಳೆಯ ಕಾರನ್ನು ನಾನೇ ಓಡಿಸಿದೆ. ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ. ಬೊರಿವಲಿಯ ಪಂಪಿನಲ್ಲಿ "ರೆಗ್ಯುಲರ್ ಯಾ ಪ್ರೀಮಿಯಂ?" ಎಂದು ಪಂಪಿನವನು ಕೇಳಿದಾಗ ನನಗೆ ಭಯವಾಯಿತು. ಇಷ್ಟಕ್ಕೆಲ್ಲ ಯಾರಾದರೂ ಹೆದರುತ್ತಾರೆಯೇ ಎಂದು ನೀವು ನಗಬಹುದು. ನಗಿ, ಆದರೆ ಕೇಳಿಸಿಕೊಂಡು ನಗಿ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಈ ಕಾರು ಮನೆಗೆ ಬಂತು. ದಿನನಿತ್ಯಕ್ಕೆ ರೆಗ್ಯುಲರ್, ಅಂದರೆ ಸಾದಾ ಪೆಟ್ರೋಲು. ಆಯುಧಪೂಜೆಗೆ ಮಾತ್ರ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಟ್ಯಾಂಕಿಗೆ ದುಬಾರಿಯ ಪ್ರೀಮಿಯಂ. ಇದು ಅಮ್ಮನ ಕಟ್ಟಳೆ. "ನಮಗೆ ಹೋಳಿಗೆ, ಅದಕ್ಕೆ ಮಾತ್ರ ದಿನದ ತಿಳಿಸಾರೇನ್ರೀ?"

ಆ ವರ್ಷ ಹಬ್ಬಕ್ಕೆ ಮೊದಲು ಬೈಕುಲ್ಲಾದ ಮೆಕ್ಯಾನಿಕ್ ಇಂಜಿನ್ನಿನಲ್ಲಿ ಕಿಡಿ ಹೊತ್ತುವ ಟೈಮಿಂಗ್ ಬದಲಿಸಿದ. "ಪ್ರೀಮಿಯಂ ಕೇ ಹಿಸಾಬ್ ಸೇ ಸೆಟ್ ಕಿಯಾ ಹೈ, ಸಾಬ್. ಅಬ್ ವಹೀ ಡಾಲ್ನಾ" ಎಂದ. ಇನ್ನು ಮೇಲೆ ಪ್ರೀಮಿಯಂ ಒಂದನ್ನೇ ಹಾಕಿಸಬೇಕಂತೆ. ಅಪ್ಪ ತಲೆಯಾಡಿಸಿದರು. ಆದರೆ ಹಬ್ಬದೂಟವನ್ನು ದಿನಾ ಬಡಿಸುವುದುಂಟೇ? ಟ್ಯಾಂಕ್ ಬರಿದಾದಾಗ ಮತ್ತೆ ರೆಗ್ಯುಲರ್ ಹಾಕಿಸಿದರು.

ಇಂಜಿನ್ ಟಕಟಕ ಎನ್ನತೊಡಗಿತು, ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಒಂದು ಸಂಜೆ ರೈಲ್ವೆ ಫಾಟಕಿನ ಏರು ಹತ್ತಿದ್ದೇ ಹಳಿಗಳ ಮೇಲೆ ನಿಂತುಬಿಟ್ಟಿತು. ಅಷ್ಟರಲ್ಲಿ ಗೇಟು ಮುಚ್ಚುವ ಗಂಟೆ ಹೊಡೆಯಿತು.

"ರೀ, ಇಳೀರಿ!"

"ನೀವಿಬ್ರು ಇಳೀರಿ ಮೊದ್ಲು!" ಅಪ್ಪ ಕೀಲಿ ತಿರುವುತ್ತಲೇ ಇದ್ದರು.

ಹಿಂಬಾಗಿಲು ಲಾಕ್ ಆಗಿತ್ತು. ಲಾಕಿನ ಗುಂಡಿ ಸಿಗದೆ ಅಮ್ಮ ಗಾಜನ್ನು ಬಡಿಯುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಳಿಯನ್ನೇ ನೋಡುತ್ತಿದ್ದೆ. ಅದು ದೂರದವರೆಗೂ ಖಾಲಿಯಾಗಿ ಹೊಳೆಯುತ್ತಿತ್ತು. "ಧಕ್ಕಾ ಮಾರೋ ರೇ!" ಎನ್ನುತ್ತ ಜನ ಓಡಿಬಂದು ನಮ್ಮನ್ನು ಕಾರಿನ ಸಮೇತ ಆಚೆ ತಳ್ಳಿದರು. ಗೇಟು ಮುಚ್ಚದೆ ರೈಲಿಗೆ ಸಿಗ್ನಲ್ ಕೊಡುವುದಿಲ್ಲವಂತೆ. ಅದು ತಿಳಿದದ್ದು ಆಮೇಲೆ. ಭಯ ಆಗಲೇ ಒಳಗೆ ಬಂದು ಕೂತಾಗಿತ್ತು.

ಅಂದಿನಿಂದ ಪ್ರೀಮಿಯಂ ಬಿಟ್ಟು ಬೇರೆ ಹಾಕಿಸಿಲ್ಲ. ತಾರೀಖು, ಪೆಟ್ರೋಲು, ಸದ್ದು ಬಂತೇ ಇಲ್ಲವೇ ಎಂದು ಬರೆದಿಡುವ ಹುಚ್ಚು ನನಗೆ ಹತ್ತಿದ್ದೂ ಆಗಲೇ. ಸದ್ದಿನ ಕಾಲಂ ಖಾಲಿಯೇ ಇದೆ. ಆದರೂ ಆ ರಸ್ತೆಯಲ್ಲಿ ನನ್ನ ಕಿವಿ ಇಂಜಿನ್ನಿನೊಳಗೇ ಇರುತ್ತದೆ.

ಇಂದು ಪಂಪಿನಲ್ಲಿ ಅಪ್ಪನ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಪ್ರೀಮಿಯಂ" ಎಂದೆ. ಅದೇ ಫಾಟಕ್ ಹತ್ತಿರವಾಗುತ್ತಿದ್ದಂತೆ 'ಟಕ್' ಎಂದಿತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಇಂಜಿನ್ ಅಲ್ಲ, ಅಪ್ಪ ಕೈಯನ್ನು ಹಿಂದಕ್ಕೆ ಚಾಚಿ ಅಮ್ಮನ ಬಾಗಿಲಿನ ಲಾಕ್ ತೆಗೆದಿದ್ದರು.

"ಏನಪ್ಪಾ?"

"ಏನಿಲ್ಲ. ನೀನು ಮುಂದೆ ನೋಡು."

ಹಳಿ ದಾಟಿದ ಮೇಲೆ ಅಮ್ಮ ಮೆಲ್ಲಗೆ ಹೇಳಿದಳು: "ಯಾವಾಗ್ಲೂ ಹೀಗೇ ಕಣೋ. ಈ ಫಾಟಕ್ ಬಂದ್ರೆ ಅವ್ರ ಕೈ ತಾನಾಗೇ ಹಿಂದೆ ಬರತ್ತೆ."

ಭಯ ನನ್ನೊಬ್ಬನದೇ ಎಂದುಕೊಂಡು ಇಷ್ಟು ವರ್ಷ ಇಂಜಿನ್ನಿಗೆ ಮಾತ್ರ ಕಿವಿಗೊಟ್ಟಿದ್ದೆ. ಅಂದು ಕಾರು ನಿಂತದ್ದು ರೆಗ್ಯುಲರ್ ಹಾಕಿಸಿದ್ದಕ್ಕೋ, ಕಾರ್ಬುರೇಟರಿನ ಕಸ ಗಿಸದಿಂದಲೋ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಸುಲಭವಾದ ಕನ್ನಡದಲ್ಲಿರಲಿ, ಅಪ್ಪನಿಗೆ ಓದಿ ಹೇಳಬೇಕು.