ಹುಕ್ಕಾ ಅಜ್ಜಿ ಮಾಡಿದ ಪರೀಕ್ಷೆ

ಗ್ಯಾಸ್ ಒಲೆ ರಿಪೇರಿ ನನ್ನ ಕೆಲಸ. ಕೋಪರಖೈರಣೆಯ ಒಂದು ಮನೆಯಲ್ಲಿ ಒಲೆಯ ಬರ್ನರ್ ತುಂಬ ಬೂದಿ ಕಟ್ಟಿಕೊಂಡಿತ್ತು. ಪಕ್ಕದಲ್ಲೇ ಹುಕ್ಕಾ ಕಂಡಿತು. ಬಾಗಿಲು ತೆರೆದಿದ್ದ ಹರಿಯಾಣದ ಅಜ್ಜಿಗೆ ನನಗೆ ಬರುವ ಹಿಂದಿಯಲ್ಲಿ ಹೇಳಿದೆ: "ಮನೆ ಯಜಮಾನರಿಗೆ ಹೇಳಿ ಅಮ್ಮಾಜಿ, ಒಲೆಯ ಮೇಲೆ ಇದ್ದಿಲು ಸುಡಬಾರದು."

"ಯಾವ ಯಜಮಾನರು? ಹುಕ್ಕಾ ನನ್ನದು!"

ನಾನು ಪೆಚ್ಚಾದೆ. ಮಾತು ತಿರುಗಿಸಲು, "ಕಡ್ಡಿ ಗೀರಿದ ಕೂಡಲೇ ಹತ್ತಿಕೊಳ್ಳುವ ಇದ್ದಿಲ ಬಿಲ್ಲೆ ಸಿಗ್ತದಲ್ಲ?" ಎಂದೆ.

"ಅದರಲ್ಲಿ ಮದ್ದು ಬೆರೆಸಿರ್ತಾರೆ ಬೇಟಾ, ಮೊದಲ ದಮ್ಮಿಗೇ ಪಟಾಕಿ ವಾಸನೆ. ಮರದ ಇದ್ದಿಲು ನಿಧಾನಕ್ಕೆ ಹತ್ತುತ್ತೆ, ಆದರೆ ತಂಬಾಕಿನ ರುಚಿ ಕೆಡಿಸಲ್ಲ."

ಬರ್ನರ್ ತೊಳೆದು ಹಚ್ಚಿದೆ. ನೀಲಿ ಉರಿ ಚೆನ್ನಾಗಿಯೇ ಬಂತು. ಬ್ಯಾಗ್ ಎತ್ತಿಕೊಂಡರೆ ಅಜ್ಜಿ "ನಿಲ್ಲು" ಅಂದರು. ಉರಿಯ ಮೇಲೆ ಜಾಲರಿ ಇಟ್ಟು ಮೂರು ಇದ್ದಿಲು ಜೋಡಿಸಿದರು. ಮುಂದಿನ ಗಿರಾಕಿಯ ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅಜ್ಜಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಹತ್ತು ನಿಮಿಷಕ್ಕೆ ಎರಡು ಇದ್ದಿಲು ಕೆಂಡವಾಗಿ ಮೇಲೆ ಬಿಳಿ ಬೂದಿ ಹೊದ್ದವು. ಮೂರನೆಯದರ ಒಂದು ಬದಿ ಕಪ್ಪಾಗಿಯೇ ಉಳಿಯಿತು.

"ಈ ಕಡೆ ಉರಿ ಕಮ್ಮಿ," ಎಂದು ಇಕ್ಕಳದಿಂದ ತೋರಿಸಿದರು.

ಒಲೆ ಆರಿಸಿ, ಬರ್ನರ್ ತಣ್ಣಗಾದ ಮೇಲೆ ಬಿಚ್ಚಿ ನೋಡಿದೆ. ಆ ಬದಿಯ ನಾಲ್ಕು ತೂತು ಮುಚ್ಚೇ ಇದ್ದವು! ಹದಿನೆಂಟು ವರ್ಷದ ಅನುಭವಕ್ಕೆ ಕಾಣದ್ದು ಅವರ ಇದ್ದಿಲಿಗೆ ಕಂಡಿತ್ತು. ಮನಸ್ಸಿನಲ್ಲೇ ಕೈಮುಗಿದು ಸೂಜಿ ಹಿಡಿದು ಕೂತೆ.

ಕಂಪನಿಯ ಫಾರ್ಮಿನಲ್ಲಿ 'ಪರೀಕ್ಷಿಸಿದವರು' ಎಂಬಲ್ಲಿ ಸಹಿ ನಾನೇ ಹಾಕಿದೆ. ಏನು ಮಾಡೋದು, ಅಜ್ಜಿಯ ಹತ್ತಿರ ಐಡಿ ಕಾರ್ಡ್ ಇರಲಿಲ್ಲ.